ದಿನಾಂಕದ ಉಪಾಧಿ

ವೈಶೇಷಿಕ ದರ್ಶನದಲ್ಲಿ ಕಾಲ ಒಂದೇ. ಅದು ನಿತ್ಯ, ವಿಭು (ಎಲ್ಲೆಡೆ ವ್ಯಾಪಿಸಿರುವುದು). ಕ್ಷಣ, ದಿನ, ಮಾಸ, ವರ್ಷ ಎಂಬ ಭೇದಗಳು ಸೂರ್ಯನ ಚಲನೆಯಂಥ ಉಪಾಧಿಗಳಿಂದ, ಅಂದರೆ ಹೊರಗಿನ ನಿಮಿತ್ತಗಳಿಂದ, ಬಂದವು. ಎಣಿಕೆಯ ಕ್ರಮ ಬದಲಾದಾಗ ಬದಲಾಗುವುದು ಉಪಾಧಿಯೇ ಹೊರತು ಕಾಲವಲ್ಲ. ಆದರೆ ದಾಖಲೆ ಕಾಯುವವರಿಗೆ ಈ ಸಮಾಧಾನ ಸಾಲದು. ಕಳೆದುಹೋದ ದಿನವನ್ನು ತಲುಪಲು ಅವರಿಗಿರುವ ದಾರಿ ಆ ಉಪಾಧಿಯೊಂದೇ.

ಉದಾಹರಣೆಗೆ, ಮಹಾರಾಷ್ಟ್ರದ ವೈಜಾಪುರ ತಾಲ್ಲೂಕು 1948ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಂತೆಯೇ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿ ಸರ್ಕಾರಿ ಕಾಗದಗಳ ವರ್ಷ ಫಸಲಿ. ಅದು ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿಂದ ಶುರುವಾಗಿ ಆಬಾನ್‌ಗೆ ಮುಗಿಯುತ್ತಿತ್ತು. ಫಸಲಿ 1340 ಎಂದರೆ ಕ್ರಿ.ಶ. 1930ರ ಅಕ್ಟೋಬರಿನಿಂದ 1931ರ ಅಕ್ಟೋಬರಿನವರೆಗಿನ ಅವಧಿ. ತಿಂಗಳು ಬರೆದಿದ್ದರೆ ಲೆಕ್ಕ ಸುಲಭ. ಬರೀ ವರ್ಷವಿದ್ದರೆ 590 ಕೂಡಿಸಬೇಕೋ 591 ಕೂಡಿಸಬೇಕೋ ತಿಳಿಯದು. ಯಾವುದೋ ಒಂದನ್ನು ತುಂಬಿದರೆ ಕಂಪ್ಯೂಟರಿನಲ್ಲಿ ಅದೂ ಖಚಿತ ದಿನಾಂಕದಂತೆಯೇ ಕಾಣುತ್ತದೆ. ಮುಂದೆ ಓದುವವರಿಗೆ ಅನುಮಾನವೂ ಬಾರದು. ಇದನ್ನು ತಾಂತ್ರಿಕ ದೋಷವೆಂದು ಬಿಟ್ಟುಬಿಡಲಾಗದು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು ಸತ್ಯಕ್ಕೆ ಆಗುವ ಹಾನಿ.

ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸುವಾಗ ಎದುರಾಗುವ ಪ್ರಶ್ನೆಯೂ ಇದೇ. 05-06-2010 ಎಂಬುದು ಜೂನ್ 5 ಇರಬಹುದು, ಮೇ 6 ಇರಬಹುದು. ಬರೆದವರ ಪದ್ಧತಿ ಗೊತ್ತಿಲ್ಲದೆ ಅದನ್ನು ಬದಲಿಸುವಂತಿಲ್ಲ. ದಿನ ಗೊತ್ತಿಲ್ಲದ ಕಡೆ ಹಳೆಯ ತಂತ್ರಾಂಶಗಳು 0000-00-00 ಎಂದು ಬರೆದಿಡುತ್ತಿದ್ದವು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ 5.7ನೇ ಆವೃತ್ತಿ, ಬೇರೆ ಏರ್ಪಾಡು ಮಾಡದಿದ್ದರೆ, ಅಂಥ ಸೊನ್ನೆ ದಿನಾಂಕವನ್ನು ಒಪ್ಪುವುದಿಲ್ಲ. ಆಗ ಜನವರಿ 1 ಎಂದು ತುಂಬಿ ಕೆಲಸ ಮುಗಿಸುವ ಆಸೆ ಹುಟ್ಟುತ್ತದೆ.

ಧರ್ಮಶಾಸ್ತ್ರ ಇಂಥದೇ ಸಂಕಟಕ್ಕೆ ಹೆಚ್ಚು ಪ್ರಾಮಾಣಿಕವಾದ ಉತ್ತರ ಕೊಟ್ಟಿದೆ. ಮೃತರ ಮಾಸ ಮಾತ್ರ ಗೊತ್ತಿದ್ದು ತಿಥಿ ತಿಳಿಯದಿದ್ದರೆ ಆ ಮಾಸದ ಅಮಾವಾಸ್ಯೆಯಂದು ಶ್ರಾದ್ಧ ಮಾಡುವ ವಿಧಿಯಿದೆ. ಅವರು ಅಮಾವಾಸ್ಯೆಯಂದೇ ತೀರಿಕೊಂಡರೆಂದು ಅದರ ಅರ್ಥವಲ್ಲ. ಕರ್ಮ ಲೋಪವಾಗುವುದಿಲ್ಲ, ತಿಥಿ ತಿಳಿಯದೆಂಬ ಸಂಗತಿಯೂ ಮರೆಯಾಗುವುದಿಲ್ಲ.

ದಾಖಲೆಯಲ್ಲಿ ಈ ನಿಷ್ಠೆಯನ್ನು ಉಳಿಸಿಕೊಳ್ಳುವ ಕ್ರಮ ಕಷ್ಟದ್ದೇನಲ್ಲ. ಮೂಲ ಬರಹ ಇದ್ದ ಹಾಗೆಯೇ ಒಂದು ಕಾಲಮ್ಮಿನಲ್ಲಿರಬೇಕು, ಪರಿವರ್ತಿತ ದಿನಾಂಕ ಇನ್ನೊಂದರಲ್ಲಿ. ಫಸಲಿಯೋ ಶಕವೋ ಕ್ರಿಸ್ತಶಕವೋ, ಸಮಯ ಯಾವ ಕಾಲವಲಯದ್ದು ಎಂಬುದನ್ನು ಜೊತೆಗೇ ನಮೂದಿಸಬೇಕು. ತಿಂಗಳು ಸಿಗದಿದ್ದಲ್ಲಿ 1930-31 ಎಂಬ ಅವಧಿಯನ್ನೇ ಬರೆಯಬೇಕು; ಏನೂ ತಿಳಿಯದಿದ್ದಲ್ಲಿ ಜಾಗ ಖಾಲಿ ಬಿಡಬೇಕು.