ಸರದಿಯ ಬೆಲೆ

2017ರ ಜುಲೈ 23ರಂದು ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಹತ್ತು ತಂಡಗಳು ಆಟಗಾರರನ್ನು ಹಂಚಿಕೊಳ್ಳಲು ಮುಂಬೈಯಲ್ಲಿ ಕೂತವು. ಐಪಿಎಲ್ ನೋಡಿ ಅಭ್ಯಾಸವಾದ ನಮಗೆ ಇಂಥ ಕಡೆ ಸುತ್ತಿಗೆಯ ಸದ್ದು ಕೇಳಬೇಕು, ಕೂಗು ಏರುತ್ತಾ ಹೋಗಬೇಕು. ಅಲ್ಲಿ ಅದಿರಲಿಲ್ಲ. ಪ್ರತಿ ಆಟಗಾರನ ಬೆಲೆ ಮೊದಲೇ ಗೊತ್ತಾಗಿತ್ತು. ಇನ್ನಷ್ಟು ಕೊಡುತ್ತೇನೆಂದರೂ ಕೇಳುವವರಿರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಸರದಿ ಮಾತ್ರ; ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹೊಸದಾಗಿ ಬಂದ ಜಮ್ಶೆಡ್‌ಪುರ ತಂಡ ಮೊದಲು ಎದ್ದು ಕೇರಳದ ಡಿಫೆಂಡರ್ ಅನಸ್ ಎಡತೊಡಿಕ ಅವರ ಹೆಸರು ಹೇಳಿತು. ಬೆಲೆ 1.10 ಕೋಟಿ ರೂಪಾಯಿ. ಎಫ್‌ಸಿ ಗೋವಾದವರು ಆ ಹೊತ್ತಿಗೆ ಸುಮ್ಮನೆ ಕೂತಿದ್ದರು. ವಿಂಗ್‌ನಲ್ಲಿ ಓಡುವ ಮಂದಾರ್ ರಾವ್ ದೇಸಾಯಿ, ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಇಬ್ಬರನ್ನೂ ಮೊದಲೇ ಉಳಿಸಿಕೊಂಡಿದ್ದರಿಂದ ಆರಂಭದ ಸುತ್ತುಗಳಲ್ಲಿ ಅವರಿಗೆ ಪಾಳಿ ಇರಲಿಲ್ಲ.

ಕಂಡವರನ್ನು ಇಟ್ಟುಕೊಳ್ಳಲು ಕಾಣದವರನ್ನು ಬಿಟ್ಟುಕೊಟ್ಟ ವ್ಯವಹಾರ ಅದು. ನಮ್ಮಲ್ಲಿ ಇದು ಇಷ್ಟಕ್ಕೇ ನಿಂತಿತು. ಅಮೆರಿಕದವರು, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲಿನವರು, ಸರದಿಯನ್ನೇ ಸರಕು ಮಾಡಿಕೊಂಡಿದ್ದಾರೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ಆದರೆ ಆ ಸರದಿಯನ್ನು ಅದು ಬಳಸಲೇಬೇಕೆಂದಿಲ್ಲ, ಮಾರಬಹುದು. ಕೆಳಗಿನ ಸರದಿಗಳನ್ನು ಒಟ್ಟುಗೂಡಿಸಿ ಕೊಟ್ಟು ಮೇಲೇರಬಹುದು, ಮೇಲಿನದನ್ನು ಕೊಟ್ಟು ಕೆಳಗಿಳಿದು ಎರಡು ಮೂರು ಅವಕಾಶ ಗಿಟ್ಟಿಸಬಹುದು.

ಬಡತಂಡಕ್ಕೆ ಮೊದಲ ಕೈ ಎಂಬ ಈ ನ್ಯಾಯ ಹೊಳೆದದ್ದು ಬರ್ಟ್ ಬೆಲ್ ಅವರಿಗೆ. ಅವರದೇ ಫಿಲಡೆಲ್ಫಿಯಾ ತಂಡ ಆಗ ಸೋಲುತ್ತಲೇ ಇತ್ತೆಂಬುದನ್ನು ಮರೆಯಬಾರದು. ನ್ಯಾಯ ಎಷ್ಟೋ ಸಲ ಸೋತವರಿಗೇ ಮೊದಲು ಹೊಳೆಯುತ್ತದೆ. 1936ರ ಆ ಮೊದಲ ಡ್ರಾಫ್ಟ್‌ನಲ್ಲಿ ಅವರು ಮೊದಲು ಹೆಸರಿಸಿದ್ದು ಜೇ ಬರ್ವಾಂಗರ್ ಎಂಬ ಕಾಲೇಜು ಆಟಗಾರನನ್ನು. ಸಂಬಳ ಕುದುರದೆ ಹಕ್ಕನ್ನು ಶಿಕಾಗೊ ತಂಡಕ್ಕೆ ದಾಟಿಸಿದರು. ಅಲ್ಲೂ ಕುದುರಲಿಲ್ಲ. ಬರ್ವಾಂಗರ್ ಆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಡ್ರಾಫ್ಟ್ ಎಂಬುದರ ಇತಿಹಾಸದ ಮೊಟ್ಟಮೊದಲ ಆಯ್ಕೆಯೇ ಕೈ ಬದಲಾಯಿಸಿ ಕೊನೆಗೆ ಶೂನ್ಯವಾಯಿತು. ಆಮೇಲೂ ಮೊದಲ ಸರದಿಯ ಮೋಹ ಕಡಿಮೆಯಾಗಲಿಲ್ಲ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ತಂಡದವರು ಪ್ರತಿ ಸರದಿಗೂ ಅಂಕ ಕಟ್ಟಿ ಒಂದು ಕೋಷ್ಟಕ ಮಾಡಿದರು: ಮೊದಲನೆಯದಕ್ಕೆ 3000, ಎರಡನೆಯದಕ್ಕೆ 2600, ಹೀಗೆ ಇಳಿಯುತ್ತಾ. ಬರಬರುತ್ತಾ ಉಳಿದ ತಂಡಗಳಿಗೂ ಅದೇ ದರಪಟ್ಟಿಯಾಯಿತು.

ಯಾವ ಆಟಗಾರನ ಹೆಸರೂ ಇಲ್ಲದ ದರಪಟ್ಟಿ ಅದು. ಬರುವವನು ಯಾರೆಂದು ಗೊತ್ತಿಲ್ಲ, ಅವನ ಮೊಣಕಾಲು ಎಷ್ಟು ಗಟ್ಟಿಯೋ ಗೊತ್ತಿಲ್ಲ; ಆದರೆ ಅವನು ಬರುವ ಜಾಗದ ಬೆಲೆ ಅಂಕಿಯಲ್ಲಿ ಗೊತ್ತು. ನಾವು ಕಾಲೇಜು ಸೀಟಿಗೆ, ರ‍್ಯಾಂಕಿಗೆ ಕಟ್ಟುವ ಬೆಲೆಯೂ ಹೆಚ್ಚುಕಡಿಮೆ ಇದೇ ಜಾತಿಯದು.

ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ವಿದ್ವಾಂಸರು ಈ ಮಾರುಕಟ್ಟೆಯನ್ನು ಕೆದಕಿ ನೋಡಿದರು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಮೇಲೆನಿಸಿಕೊಳ್ಳುವುದು ನೂರಕ್ಕೆ ಸುಮಾರು 52 ಸಲ ಎಂದು ಅವರ ಲೆಕ್ಕ ಹೇಳಿತು. ನಾಣ್ಯ ಚಿಮ್ಮಿದರೆ 50. ಅಷ್ಟೆಲ್ಲ ವಿಡಿಯೊ ನೋಟ, ಓಟದ ಅಳತೆ, ಗೂಢಚಾರಿಕೆ ಮಾಡಿ ಗಳಿಸಿದ್ದು ಆ ಎರಡು. ಮೇಲೇರಲು ಆಸ್ತಿ ಸುರಿಯುವವರು ಕೊಳ್ಳುತ್ತಿರುವುದು ಆಟಗಾರನನ್ನಲ್ಲ, ತಮ್ಮ ಕಣ್ಣಿನ ಮೇಲೆ ತಮಗಿರುವ ಭರವಸೆಯನ್ನು. ಕೆಳಗಿಳಿಯುವವರು ತಮ್ಮ ಕಣ್ಣನ್ನು ಅಷ್ಟು ನಂಬುವುದಿಲ್ಲ. ನಾಲ್ಕು ಕಡೆ ಬಿತ್ತುತ್ತಾರೆ.

ಇದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡಿದ್ದು. ಮುಂದಿನ ವರ್ಷದ ಸರದಿಯನ್ನು ಕೊಟ್ಟು ಈ ವರ್ಷದ್ದನ್ನು ಕೊಳ್ಳುವ ತಂಡಗಳು ಕಟ್ಟುತ್ತಿದ್ದ ಬಡ್ಡಿ ವರ್ಷಕ್ಕೆ ಶೇಕಡಾ 136! ಪಣಜಿ, ವಾಸ್ಕೊ ಕಡೆ ದುಡಿಯಲು ಬಂದ ವಿಜಯಪುರ, ಬಾಗಲಕೋಟೆಯ ನಮ್ಮ ಜನರಿಗೆ ಇದನ್ನು ವಿವರಿಸಬೇಕಿಲ್ಲ, ಅವರಿಗೆ ಭಿಶಿ, ಅಂದರೆ ತಿಂಗಳಿಗೊಮ್ಮೆ ಕೂಗುವ ಚೀಟಿ, ಗೊತ್ತು. ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದವನು ಮೊದಲ ತಿಂಗಳೇ ಕೂಗಿ, ನಷ್ಟ ಹೊತ್ತು ಎತ್ತಿಕೊಳ್ಳುತ್ತಾನೆ. ಹೊಟ್ಟೆ ತುಂಬಿದವನು ಕೊನೆಯವರೆಗೆ ಕಾದು ಪೂರ್ತಿ ಪಡೆಯುತ್ತಾನೆ. ಆದರೆ ಕೋಟ್ಯಧಿಪತಿಗಳ ತಂಡಕ್ಕೆ ಯಾವ ಕಾಯಿಲೆ?

ಕೋಚಿನ ಕಾಯಿಲೆ ಎನ್ನಬೇಕು. 1999ರಲ್ಲಿ ನ್ಯೂ ಆರ್ಲೀನ್ಸ್‌ನ ಕೋಚ್ ಮೈಕ್ ಡಿಟ್ಕಾ, ರಿಕಿ ವಿಲಿಯಮ್ಸ್ ಎಂಬ ಒಬ್ಬನೇ ಓಟಗಾರನಿಗಾಗಿ ತಮ್ಮ ಆ ವರ್ಷದ ಎಲ್ಲ ಸರದಿಗಳನ್ನೂ, ಮರುವರ್ಷದ ಮೊದಲ ಮತ್ತು ಮೂರನೆಯ ಸುತ್ತಿನವನ್ನೂ ವಾಷಿಂಗ್ಟನ್‌ಗೆ ಒಪ್ಪಿಸಿದರು. ಆ ಹಂಗಾಮಿನಲ್ಲಿ ಗೆದ್ದದ್ದು ಮೂರು, ಸೋತದ್ದು ಹದಿಮೂರು. ಡಿಟ್ಕಾ ಕೆಲಸ ಕಳೆದುಕೊಂಡರು. ಅವರು ಖರ್ಚು ಮಾಡಿದ ಮರುವರ್ಷ ಅವರದಾಗಿರಲೇ ಇಲ್ಲ. ಕುರ್ಚಿ ಈ ವರ್ಷದ್ದು, ಸಾಲ ಮುಂದಿನವನದು. ಸರ್ಕಾರಗಳ ಬಜೆಟ್ ಓದುವವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಅಂದು ಲಾಭ ಪಡೆದ ವಾಷಿಂಗ್ಟನ್ ಬುದ್ಧಿ ಕಲಿಯಿತೇ ಎಂದರೆ ಅದೂ ಇಲ್ಲ. 2012ರಲ್ಲಿ ಮೂರು ಮೊದಲ ಸುತ್ತಿನ, ಒಂದು ಎರಡನೆಯ ಸುತ್ತಿನ ಸರದಿ ಕೊಟ್ಟು ಆರರಿಂದ ಎರಡಕ್ಕೆ ಏರಿ ರಾಬರ್ಟ್ ಗ್ರಿಫಿನ್‌ನನ್ನು ತಂದಿತು. ಅದೇ ಡ್ರಾಫ್ಟ್‌ನಲ್ಲಿ, ಅದೇ ಸ್ಥಾನಕ್ಕೆ, 102ನೆಯವನಾಗಿ ಕರ್ಕ್ ಕಸಿನ್ಸ್‌ನನ್ನೂ ಎತ್ತಿಕೊಂಡಿತ್ತು. ಮೊಣಕಾಲು ಕೆಟ್ಟು ಗ್ರಿಫಿನ್ ಮಂಕಾದ. ಕೆಲವೇ ವರ್ಷಗಳಲ್ಲಿ ಅವನ ಜಾಗದಲ್ಲಿ ನಿಂತವನು ಆ 102ನೆಯವನು.

ಸಂಜೆ ಪಣಜಿಯ ಮೀರಾಮಾರ್ ಕಡಲತಡಿಗೆ ಹೋದರೆ ಇದೇ ವ್ಯಾಪಾರವನ್ನು ಪುಕ್ಕಟೆ ನೋಡಬಹುದು. ಮರಳಿನ ಮೇಲೆ ಚಪ್ಪಲಿಯ ಗೋಲು. ಇಬ್ಬರು ನಾಯಕರು, ಸುತ್ತ ಹುಡುಗರು. ಕೊಂಕಣಿ, ಹಿಂದಿ, ನಡುವೆ ನಮ್ಮ ಕಡೆಯ ಕನ್ನಡ. ದೊಡ್ಡವನೊಬ್ಬ ಎದುರಾಳಿಗೆ ಉದಾರವಾಗಿ ಹೇಳುತ್ತಾನೆ: “ಮೊದ್ಲ ನೀ ತಗೋ. ಆಮ್ಯಾಲ ಎರಡು ನಂದು.” ಎದುರಾಳಿ ಎಲ್ಲರಿಗೂ ಗೊತ್ತಿರುವ ಹುಡುಗನನ್ನು ಎಳೆದುಕೊಂಡು ಗೆದ್ದವನಂತೆ ನಗುತ್ತಾನೆ. ಇವನು ಎರಡನೆಯವನನ್ನೂ ಮೂರನೆಯವನನ್ನೂ ಕರೆದು ಸುಮ್ಮನಿರುತ್ತಾನೆ. ಥೇಲರ್ ಓದದ ಹುಡುಗ. ಕೊನೆಗೆ ಉಳಿದ ಪೋರ ಮಾತ್ರ ಕರೆಯುವುದಕ್ಕೆ ಮೊದಲೇ ಒಂದು ಕಡೆ ಹೋಗಿ ನಿಂತುಬಿಡುತ್ತಾನೆ, ಕರೆಸಿಕೊಳ್ಳುವ ಅವಮಾನವೂ ಬೇಡವೆಂಬಂತೆ. ಯಾವ ಕೋಷ್ಟಕವೂ ಅವನ ಕಡೆಯಿಂದ ಬರೆದದ್ದಲ್ಲ.

ಇಂಡಿಯನ್ ಸೂಪರ್ ಲೀಗ್ 2017ರ ನಂತರ ಡ್ರಾಫ್ಟ್ ಕೈಬಿಟ್ಟಿತು. ಈಗ ನೇರ ಒಪ್ಪಂದ, ದುಡ್ಡಿದ್ದವರಿಗೆ ಮೊದಲ ಸರದಿ.

ಎಫ್‌ಸಿ ಗೋವಾ ಉಳಿಸಿಕೊಂಡ ಗೋಲ್‌ಕೀಪರ್ ವಿಷಯಕ್ಕೆ ಬರುತ್ತೇನೆ. ಕಟ್ಟಿಮನಿ ಎಂಬ ಅಡ್ಡಹೆಸರು ಉತ್ತರ ಕರ್ನಾಟಕದವರಿಗೆ ಮನೆಯ ಹೆಸರಿನಷ್ಟೇ ಪರಿಚಿತ. 2015ರ ಡಿಸೆಂಬರ್ 20ರಂದು ಫತೋರ್ಡಾದಲ್ಲಿ ಫೈನಲ್. ಪಣಜಿಯಿಂದ ಜುವಾರಿ ದಾಟಿ ಜನ ಹೋಗಿದ್ದರು. ಚೆನ್ನೈಯಿನ್ ವಿರುದ್ಧ ಒಂದು ಪೆನಾಲ್ಟಿಯನ್ನು ಕಟ್ಟಿಮನಿ ತಡೆದಿದ್ದರು. 87ನೆಯ ನಿಮಿಷದಲ್ಲಿ ಗೋವಾ 2–1ರಿಂದ ಮುಂದಾಯಿತು, ಕಪ್ ಕೈಗೆ ಬಂದಂತೆಯೇ. 90ನೆಯ ನಿಮಿಷದಲ್ಲಿ ಗೋಲಿನೆದುರು ಗುಂಪಿನಲ್ಲಿ ಎಗರಿದ ಕಟ್ಟಿಮನಿಯ ಕೈಗೇ ತಾಗಿ ಚೆಂಡು ಸ್ವಂತ ಬಲೆಗೆ ಬಿತ್ತು. ಇನ್ನೆರಡು ನಿಮಿಷಕ್ಕೆ ಚೆನ್ನೈಯಿನ್‌ನ ಮೆಂಡೋಜ ಗೋಲು ಹೊಡೆದ. 2–3. ಇದಾಗಿ ಎರಡು ವರ್ಷವೂ ತುಂಬುವ ಮೊದಲು ಗೋವಾ ಬಿಟ್ಟುಕೊಟ್ಟ ಸರದಿ ಈ ಮನುಷ್ಯನಿಗಾಗಿ.

2019ರಲ್ಲಿ ಅವರು ಹೈದರಾಬಾದ್‌ಗೆ ಹೋದರು. ಆ ಹಂಗಾಮಿನಲ್ಲಿ ಗೋವಾ ಲೀಗ್ ಹಂತದ ಅಗ್ರಸ್ಥಾನ ಪಡೆದು, ಏಷ್ಯಾದ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಅರ್ಹತೆ ಗಳಿಸಿದ ಮೊದಲ ಭಾರತೀಯ ಕ್ಲಬ್ ಆಯಿತು. ಹೈದರಾಬಾದ್ ಕಟ್ಟಕಡೆಯಲ್ಲಿ ಉಳಿಯಿತು. ಆ ದಿನ ಲೆಕ್ಕದ ಪುಸ್ತಕ ಮುಚ್ಚಿದ್ದರೆ ಬಿಟ್ಟದ್ದು ಜಾಣತನ. 2022ರ ಮಾರ್ಚ್ 20ರಂದು ಅದೇ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಫೈನಲ್. 88ನೆಯ ನಿಮಿಷದಲ್ಲಿ ಗೋವಾದ ಹುಡುಗ ಸಾಹಿಲ್ ತವೋರಾ ಹೈದರಾಬಾದ್ ಪರ ಸಮ ಮಾಡಿದ. ಶೂಟೌಟ್‌ನಲ್ಲಿ ಕಟ್ಟಿಮನಿ ಮೂವರನ್ನು ತಡೆದರು. ಅದರಲ್ಲಿ ನಿಶು ಕುಮಾರ್ ಅವರನ್ನು ಎರಡು ಸಲ: ಮೊದಲ ಸಲ ಗೆರೆ ಬಿಟ್ಟು ಮುಂದೆ ಬಂದರೆಂದು ರೆಫ್ರಿ ಮತ್ತೆ ಹೊಡೆಸಿದರು, ಮತ್ತೆ ತಡೆದರು. ಕಪ್ ಹೈದರಾಬಾದ್‌ಗೆ.

ಇದನ್ನು ಕೇಳಿದವರು ನೋಡಿ, 2017ರಲ್ಲಿ ಉಳಿಸಿಕೊಂಡದ್ದೇ ಸರಿಯಿತ್ತು, 2019ರಲ್ಲಿ ಬಿಟ್ಟದ್ದು ತಪ್ಪು ಅನ್ನಬಹುದು. ನನಗೆ ಒಪ್ಪಿಗೆಯಿಲ್ಲ. ಆ ಮೂರು ಹೊಡೆತಗಳೂ ಬಲೆ ಸೇರಿದ್ದರೂ 2017ರ ತೀರ್ಮಾನ ಅಷ್ಟೇ ಸರಿ ಇರುತ್ತಿತ್ತು. ಅಂದು ಗೋವಾದವರ ಮುಂದಿದ್ದದ್ದು ಒಂದು ಕೆಟ್ಟ ನಿಮಿಷ ಮತ್ತು ವರ್ಷಗಟ್ಟಲೆ ನೋಡಿದ ಉಳಿದ ಆಟ. ಅವರು ಎರಡನ್ನೂ ತೂಗಿದರು.