ಪಾಳುಬಿದ್ದ ತಾಣಗಳೂ ಗುಂಪಿನ ಧೈರ್ಯವೂ

ನಮ್ಮ ಮೀಂಜ ಪರಿಸರದಲ್ಲಿ ಪಾಳುಬಿದ್ದ ತಾಣಗಳಿಗೆ ಕೊರತೆಯಿಲ್ಲ. ಮಕ್ಕಳು ಮುಂಬಯಿಗೋ ಬೆಂಗಳೂರಿಗೋ ಕೊಲ್ಲಿ ನಾಡಿಗೋ ಹೋಗಿ ನೆಲೆಸಿದ ಮೇಲೆ ಬೀಗ ಬಿದ್ದ ಹಳೆಯ ಹಂಚಿನ ಮನೆಗಳು, ಕಲ್ಲು ಕಡಿದು ಮುಗಿಸಿದ ಮೇಲೆ ಮಳೆನೀರು ತುಂಬಿಕೊಂಡ ಮುರಕಲ್ಲಿನ ಕೋರೆಗಳು, ಕೊಳವೆಬಾವಿ ಬಂದಂದಿನಿಂದ ಯಾರೂ ಇಣುಕಿ ನೋಡದ ಸುರಂಗಗಳು. ಸ್ವಲ್ಪ ದೂರ ಸಾಗಿದರೆ ಆರಿಕ್ಕಾಡಿ, ಚಂದ್ರಗಿರಿ, ಬೇಕಲದ ಕೋಟೆಗಳು. ರಜೆಯ ದಿನಗಳಲ್ಲಿ ಇಂತಹ ತಾಣಗಳನ್ನು ಹುಡುಕಿಕೊಂಡು ಆರೆಂಟು ಜನ ಜತೆಯಾಗಿ ಹೊರಡುವ ಹವ್ಯಾಸ ನಮ್ಮ ಯುವಕರಲ್ಲಿ ಬೆಳೆದಿದೆ. ಅವರನ್ನು ಗದರಿಸುವುದಕ್ಕೆ ಈ ಬರಹ ಹೊರಟಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಬ್ಬಂಟಿಯಾಗಿ ಬಂದಿದ್ದರೆ ಹೊಸ್ತಿಲಲ್ಲೇ ನಿಂತು ಹಿಂದಿರುಗುತ್ತಿದ್ದವನು ಗುಂಪಿನೊಡನೆ ಬಂದಾಗ ಒಳಗೆ ಕಾಲಿಡುತ್ತಾನೆ. ಅವನಿಗೆ ಹೊಸದಾಗಿ ದೊರೆತ ಆ ಧೈರ್ಯ ಯಾರದು? ಅದರ ಹೊಣೆಯನ್ನು ಯಾರು ಹೊರಬೇಕು?

ಕುತೂಹಲವನ್ನು ಹಳಿಯುವ ಮನಸ್ಸು ನನಗಿಲ್ಲ. ತುಳುನಾಡಿನ ಚರಿತ್ರೆಯ ಎಷ್ಟೋ ಭಾಗ ನಮಗೆ ದೊರೆತದ್ದು ಹಾಳುಬಿದ್ದ ಗುಡಿಗಳ ಒಳಹೊಕ್ಕು ನೋಡಿದವರಿಂದ. ಪಾದೂರು ಗುರುರಾಜ ಭಟ್ಟರು ಊರೂರು ಅಲೆದು ದೇವಾಲಯ, ಬಸದಿ, ವಿಗ್ರಹಗಳನ್ನು ಕಣ್ಣಾರೆ ಕಂಡು ಬರೆದ ತುಳುವ ಚರಿತ್ರೆಯ ಇಂಗ್ಲಿಷ್ ಗ್ರಂಥ 1975ರಲ್ಲಿ ಹೊರಬಂತು. ಅಂತಹ ಅಲೆದಾಟ ನಡೆಯದೆ ಹೋಗಿದ್ದರೆ ನಮ್ಮ ನೆಲದ ಬಗೆಗಿನ ನಮ್ಮ ತಿಳುವಳಿಕೆ ಬಹಳ ಬಡವಾಗಿರುತ್ತಿತ್ತು. ಆದ್ದರಿಂದ ಮಕ್ಕಳು ಮನೆಯಲ್ಲೇ ಕುಳಿತಿರಲಿ ಎಂದು ಹೇಳುವವರೊಡನೆ ನಾನು ಸೇರಲಾರೆ. ಹೋಗುವ ಬಗೆಯನ್ನು ಕುರಿತಷ್ಟೇ ನನ್ನ ಮಾತು. ಅದನ್ನು ನಮ್ಮ ಸುರಂಗಗಳಿಂದಲೇ ಆರಂಭಿಸುತ್ತೇನೆ.

ಸುರಂಗವೆಂದೊಡನೆ ಹೊರನಾಡಿನವರಿಗೆ ರೈಲು ಸಾಗುವ ದಾರಿ ನೆನಪಾಗಬಹುದು. ಕಾಸರಗೋಡಿನವರಿಗೆ ಅದು ಅಡ್ಡಬಾವಿ. ಗುಡ್ಡದ ಮಗ್ಗುಲಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆಯುತ್ತಾ ನೀರಿನ ಒಸರು ಸಿಗುವವರೆಗೆ ಒಳಸಾಗಿದ ಕಿರುದಾರಿ. ಎತ್ತರ ಒಬ್ಬ ಆಳಿನಷ್ಟು, ಅಗಲ ಹೆಚ್ಚೆಂದರೆ ಎರಡೂವರೆ ಅಡಿ. ನೀರು ಪಂಪಿನ ಹಂಗಿಲ್ಲದೆ ತಾನಾಗಿಯೇ ಹೊರಗೆ ಹರಿದು ಬಂದು ತೋಟಕ್ಕೂ ಮನೆಗೂ ಒದಗುತ್ತದೆ. ಶ್ರೀಪಡ್ರೆಯವರಂತಹ ಜಲಲೇಖಕರು ಬರೆದ ಮೇಲೆ ಈ ವಿದ್ಯೆಯ ಪರಿಚಯ ಜಿಲ್ಲೆಯ ಗಡಿ ದಾಟಿ ದೂರದವರಿಗೂ ಆಯಿತು. ಸುರಂಗ ಕೊರೆಯುವುದು ಒಬ್ಬನ ಕೆಲಸವಲ್ಲ. ಒಬ್ಬ ಪಿಕ್ಕಾಸಿನಿಂದ ಅಗೆದರೆ ಇನ್ನೊಬ್ಬ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಸಾಗಿಸಬೇಕು. ಅಗೆಯುವವನ ಬದಿಯಲ್ಲಿ ಒಂದು ಎಣ್ಣೆಯ ದೀಪವೋ ಮೇಣದ ಬತ್ತಿಯೋ ಉರಿಯುತ್ತಿರುತ್ತದೆ. ಅದು ಬೆಳಕು ಕೊಡುವುದರ ಜತೆಗೆ ಮತ್ತೊಂದು ಕೆಲಸವನ್ನೂ ಮಾಡುತ್ತದೆ. ಜ್ವಾಲೆ ಕುಗ್ಗತೊಡಗಿತೆಂದರೆ ಪಿಕ್ಕಾಸನ್ನು ಕೆಳಗಿಟ್ಟು ಹೊರಗೆ ಬರಬೇಕೆಂಬುದು ಆ ಕಸುಬಿನವರ ಕಟ್ಟಳೆ.

ಇದರ ಹಿಂದಿರುವ ಕಾರಣ ಸರಳ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕವಿರುತ್ತದೆ. ಅದು ಸುಮಾರು 16ಕ್ಕೆ ಇಳಿಯುವಾಗ ಮೇಣದ ಬತ್ತಿ ಆರಿಹೋಗುತ್ತದೆ; ಮನುಷ್ಯನಲ್ಲಿ ಆಗ ಎಚ್ಚರವಿದ್ದರೂ ತಲೆ ಭಾರವಾಗಿ ವಿವೇಕ ಮಂಕಾಗತೊಡಗುತ್ತದೆ. ಅಂದರೆ ನಡೆದು ಹೊರಬರುವಷ್ಟು ಶಕ್ತಿ ಕಾಲಿನಲ್ಲಿ ಉಳಿದಿರುವಾಗಲೇ ದೀಪ ಸುದ್ದಿ ಕೊಡುತ್ತದೆ. ಇಂದು ಪಾಳು ಸುರಂಗದೊಳಕ್ಕೆ ಹೋಗುವವರ ಕೈಯಲ್ಲಿರುವುದು ಮೊಬೈಲಿನ ಟಾರ್ಚು. ಅದಕ್ಕೆ ಉಸಿರಿನ ಅಗತ್ಯವಿಲ್ಲ. ಹಿಡಿದವನು ಕುಸಿದು ಬಿದ್ದ ಮೇಲೂ ಅದು ಅಷ್ಟೇ ಪ್ರಕಾಶಮಾನವಾಗಿ ಉರಿಯುತ್ತಿರುತ್ತದೆ.

ಬಳಕೆ ತಪ್ಪಿದ ಸುರಂಗದಲ್ಲಿ ಕೊಳೆತ ಎಲೆ, ಬೇರು, ಬಾವಲಿಯ ಹಿಕ್ಕೆ ಎಲ್ಲವೂ ಇರುತ್ತವೆ. ಇನ್ನೊಂದು ತುದಿ ಮುಚ್ಚಿರುವುದರಿಂದ ಗಾಳಿಯ ಸಂಚಾರವಿಲ್ಲ. ಅಲ್ಲಿಗೆ ಹತ್ತು ಜನ ಸಾಲಾಗಿ ಹೊಕ್ಕರೆ ಇರುವ ಅಲ್ಪ ಗಾಳಿಯನ್ನು ಹತ್ತು ಮಂದಿ ಹಂಚಿಕೊಳ್ಳಬೇಕು. ಎಲ್ಲರಿಗಿಂತ ಮುಂದಿರುವವನು ಹೊರಗೆ ಬರಬೇಕಾದರೆ ಹಿಂದಿನ ಒಂಬತ್ತು ಜನ ಮೊದಲು ಹಿಮ್ಮೆಟ್ಟಬೇಕು. ಹಿಂದಿನವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ಅವನು ಹೋಗುತ್ತಿದ್ದಾನಲ್ಲ, ದಾರಿ ಸರಿಯಿರಬೇಕು ಎಂದುಕೊಳ್ಳುತ್ತಾನೆ. ಎಲ್ಲರಿಗಿಂತ ಮುಂದಿರುವವನಿಗೋ, ಹಿಂದೆ ಇಷ್ಟು ಜನರಿದ್ದಾರೆ ಎಂಬುದೇ ಭರವಸೆ. ದಾರಿಯನ್ನು ನಿಜವಾಗಿ ನೋಡಿದವರು ಆ ಸಾಲಿನಲ್ಲಿ ಯಾರು? ಕೋರೆಯ ಕಥೆಯೂ ಹೆಚ್ಚು ಭಿನ್ನವಲ್ಲ. ಗರಗಸದಲ್ಲಿ ಕೊಯ್ದಂತೆ ನೆಟ್ಟಗಿರುವ ಅದರ ಗೋಡೆಯಲ್ಲಿ ಕಾಲೂರಲು ಜಾಗವಿರುವುದಿಲ್ಲ, ಮೊದಲು ಹಾರಿದವನು ಮೇಲೆ ಬರುವುದಕ್ಕೆ ಮುಂಚೆಯೇ ಎರಡನೆಯವನು ಹಾರಿರುತ್ತಾನೆ.

ಗುಂಪಿನಲ್ಲಿರುವ ಮನುಷ್ಯನ ಈ ಸ್ವಭಾವವನ್ನು ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಬಿಬ್ ಲಾಟನೆ ಮತ್ತು ಜಾನ್ ಡಾರ್ಲಿ, ಒಂದು ಪ್ರಯೋಗದಲ್ಲಿ ತೋರಿಸಿಕೊಟ್ಟರು. ಅದರ ವರದಿ ಪ್ರಕಟವಾದದ್ದು 1968ರಲ್ಲಿ. ಕೋಣೆಯಲ್ಲಿ ಕುಳಿತು ಪ್ರಶ್ನಾವಳಿಗೆ ಉತ್ತರ ಬರೆಯುತ್ತಿದ್ದವರತ್ತ ಗೋಡೆಯ ಕಿಂಡಿಯಿಂದ ಹೊಗೆ ಬಿಡಲಾಯಿತು. ಒಬ್ಬಂಟಿಯಾಗಿದ್ದವರಲ್ಲಿ ಶೇಕಡಾ 75 ಮಂದಿ ಎದ್ದು ಹೋಗಿ ವಿಷಯ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ಕುಳಿತಿರಲು ಮೊದಲೇ ಹೇಳಿಕೊಟ್ಟಿದ್ದ ಇಬ್ಬರನ್ನು ಜತೆಗೆ ಕೂರಿಸಿದಾಗ ಎದ್ದವರು ಶೇಕಡಾ 10 ಮಾತ್ರ. ಉಳಿದವರು ಹೊಗೆಯನ್ನು ಕೈಯಿಂದ ಬೀಸಿ ಸರಿಸುತ್ತಾ, ಕಣ್ಣುಜ್ಜಿಕೊಳ್ಳುತ್ತಾ ಬರೆಯುತ್ತಲೇ ಇದ್ದರು. ಅವರಿಗೆ ಹೊಗೆ ಕಾಣಿಸಲಿಲ್ಲವೆಂದಲ್ಲ. ಇತರರ ಮುಖದಲ್ಲಿ ಭಯ ಕಾಣದಿದ್ದುದರಿಂದ ತಮ್ಮ ಭಯವನ್ನೇ ಅವರು ನಂಬಲಿಲ್ಲ. ಗುಂಪಿನ ಧೈರ್ಯವೆಂದು ನಾವು ಕರೆಯುವುದು ಬಹಳ ಸಲ ಇಂತಹದೇ ಆಗಿರುತ್ತದೆ. ಒಬ್ಬೊಬ್ಬನೂ ತನ್ನ ಅಂಜಿಕೆಯನ್ನು ಇನ್ನೊಬ್ಬನ ಮುಖ ನೋಡಿ ಮುಚ್ಚಿಟ್ಟುಕೊಂಡಿರುತ್ತಾನೆ, ಆ ಇನ್ನೊಬ್ಬನೂ ಅದನ್ನೇ ಮಾಡುತ್ತಿರುತ್ತಾನೆ.

ಅಪಾಯ ಹೋದವರಿಗೆ ಮಾತ್ರವಾಗಿದ್ದರೆ ಇದನ್ನು ಎಚ್ಚರಿಕೆಯ ವಿಷಯವೆಂದು ಬಿಡಬಹುದಿತ್ತು. ಹೋದ ಜಾಗಕ್ಕೂ ಅಪಾಯವಿದೆ, ಆಗ ಅದು ನೀತಿಯ ವಿಷಯವಾಗುತ್ತದೆ. 2019ರ ಫೆಬ್ರವರಿಯಲ್ಲಿ ಹಂಪಿಯ ವಿಷ್ಣು ದೇವಾಲಯದ ಆವರಣದಲ್ಲಿ ಯುವಕರು ಕಲ್ಲಿನ ಕಂಬವೊಂದನ್ನು ದೂಡಿ ಕೆಡಹುವ ವೀಡಿಯೋ ನಾಡಿಗೆಲ್ಲ ಹಬ್ಬಿದ್ದು ನೆನಪಿರಬಹುದು. ನಾಲ್ವರನ್ನು ಬಂಧಿಸಲಾಯಿತು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು. ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆಯೂ ಆಯಿತು. ಆ ಶಿಕ್ಷೆ ನನಗೆ ಬಹಳ ಹಿಡಿಸಿತು ಎಂದು ಹೇಳಲೇಬೇಕು, ಕಲ್ಲಿನ ಭಾರವೆಷ್ಟೆಂದು ದೂಡುವಾಗ ತಿಳಿಯುವುದಿಲ್ಲ. ಆ ಯುವಕರಲ್ಲಿ ಯಾವನೊಬ್ಬನಾದರೂ ಏಕಾಂಗಿಯಾಗಿ, ನೋಡುವವರು ಯಾರೂ ಇಲ್ಲದ ಮಧ್ಯಾಹ್ನದಲ್ಲಿ ಆ ಕಂಬದ ಬಳಿಗೆ ಬಂದಿದ್ದರೆ ಅದನ್ನು ದೂಡುತ್ತಿದ್ದನೇ? ನನಗೆ ಹಾಗೆ ತೋರುವುದಿಲ್ಲ. ದೂಡುವವನಿಗೆ ನಗುವವರು ಬೇಕು, ಮೊಬೈಲ್ ಹಿಡಿದು ನಿಂತವನು ಬೇಕು. ಚಿತ್ರ ತೆಗೆದವನು ತಾನು ಮುಟ್ಟಲೇ ಇಲ್ಲ ಎನ್ನಬಹುದು, ದೂಡಿದವನು ಅವರೆಲ್ಲ ಹೇಳಿದ್ದಕ್ಕೆ ದೂಡಿದೆ ಎನ್ನಬಹುದು. ಇಬ್ಬರ ಮಾತೂ ಅರ್ಧ ಸತ್ಯ. ಆ ಎರಡು ಅರ್ಧಗಳನ್ನು ಕೂಡಿಸಿದರೂ ಬಿದ್ದ ಕಂಬಕ್ಕೆ ಉತ್ತರ ಹೇಳುವವರು ಸಿಗುವುದಿಲ್ಲ.

ಇದರ ಮೂಲದಲ್ಲಿ ಒಂದು ತಪ್ಪು ಎಣಿಕೆಯಿದೆ. ಪಾಳುಬಿದ್ದದ್ದು ಯಾರಿಗೂ ಸೇರಿದ್ದಲ್ಲ ಎಂಬ ಎಣಿಕೆ. ನಮ್ಮ ಹಿರಿಯರಿಗೆ ಅದು ಇರಲಿಲ್ಲ. ಮನೆ ಬಿದ್ದುಹೋಗಿ ಪಂಚಾಂಗ ಮಾತ್ರ ಉಳಿದಿದ್ದರೂ ಬದಿಯ ನಾಗಬನ ನಾಗನದು, ಜಾಗದ ದೈವ ಜಾಗದಲ್ಲೇ ಇದೆ ಎಂಬ ಭಾವದಿಂದ ಚಪ್ಪಲಿ ಕಳಚಿಟ್ಟು ನಡೆಯುತ್ತಿದ್ದರು. ದೈವವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಮನುಷ್ಯರು ಬಿಟ್ಟುಹೋದ ನೆಲದ ಮೇಲೂ ಯಾರದೋ ಹಕ್ಕಿದೆ, ಒಳಗೆ ಹೋಗುವವನು ಕೇಳಿ ಹೋಗಬೇಕು ಎಂಬ ತಿಳಿವು ಮಾತ್ರ ನಂಬದವನಿಗೂ ಬೇಕಾದದ್ದು.

ಯಕ್ಷಪ್ರಶ್ನೆಯ ಪ್ರಸಂಗವನ್ನು ಈ ಬೆಳಕಿನಲ್ಲಿ ನೋಡಬಹುದು. ನಾವು ಸಾಮಾನ್ಯವಾಗಿ ಪ್ರಶ್ನೋತ್ತರಗಳ ಸೊಗಸನ್ನು ಮೆಚ್ಚಿ, ಅದಕ್ಕೆ ಮೊದಲು ನಡೆದುದನ್ನು ಮರೆಯುತ್ತೇವೆ. ನಿರ್ಜನವಾದ ಕೊಳದ ಬಳಿಗೆ ನಕುಲ ಬರುತ್ತಾನೆ. ಈ ಕೊಳ ನನ್ನದು, ನನ್ನ ಪ್ರಶ್ನೆಗೆ ಉತ್ತರಿಸಿ ನೀರು ಕುಡಿ ಎಂಬ ದನಿ ಕೇಳುತ್ತದೆ. ಆತ ಲೆಕ್ಕಿಸದೆ ಕುಡಿದು ಬೀಳುತ್ತಾನೆ. ಅವನನ್ನು ಹುಡುಕಿ ಬಂದ ಸಹದೇವ, ಅವನ ಹಿಂದೆ ಅರ್ಜುನ, ಅರ್ಜುನನ ಹಿಂದೆ ಭೀಮ. ಮುಂಚೆ ಬಂದವನು ನೆಲದ ಮೇಲೆ ಬಿದ್ದಿರುವುದನ್ನು ಕಂಡ ಮೇಲೂ ದನಿಗೆ ಕಿವಿಗೊಡಲಿಲ್ಲ. ಪಾಳು ಬಾವಿಗಳಲ್ಲಿ ಇಂದಿಗೂ ಇದೇ ನಡೆಯುತ್ತದೆ: ಉಸಿರುಗಟ್ಟಿ ಬಿದ್ದವನನ್ನು ಎತ್ತಲು ಇಳಿದವನು, ಅವನನ್ನು ಎತ್ತಲು ಇಳಿದ ಮತ್ತೊಬ್ಬ. ಅವರನ್ನು ಕೊಲ್ಲುವುದು ಕೆಟ್ಟ ಗಾಳಿ, ಕೆಳಗೆ ಎಳೆದೊಯ್ಯುವುದು ಪ್ರೀತಿ. ಧರ್ಮರಾಯನೂ ಬಾಯಾರಿದವನೇ, ತಮ್ಮಂದಿರನ್ನು ಕಳೆದುಕೊಂಡವನೇ. ಆತ ನಿಂತ. ನೀನು ಯಾರೆಂದು ಕೇಳಿದ. ಕೊನೆಗೆ ಒಬ್ಬ ತಮ್ಮನ ಜೀವ ಮರಳಿ ಸಿಗುವುದೆಂದಾಗ ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಬೇಡಿದ, ಮಾದ್ರಿಗೂ ಒಬ್ಬ ಮಗನಿರಲಿ ಎಂದು. ಆ ಕೊಳದ ಬಳಿ ಇಲ್ಲದವಳ ಲೆಕ್ಕವನ್ನು ಅಂತಹ ಹೊತ್ತಿನಲ್ಲಿ ಇಟ್ಟವನು ಅವನೊಬ್ಬನೇ.

ಸ್ನೇಹದ ಈ ಎರಡು ಮುಖಗಳನ್ನು ನಮ್ಮದೇ ರಾಜ್ಯದ ಗೆಳೆಯರಿಗೆ ಸಂಬಂಧಿಸಿದ ಒಂದು ಘಟನೆ ತೋರಿಸಿತು. 2006ರಲ್ಲಿ ಕೊಚ್ಚಿಯ ಬಳಿಯ ಮಂಜುಮ್ಮಲ್‌ನಿಂದ ಕೊಡೈಕೆನಾಲ್‌ಗೆ ಹೋದ ಗೆಳೆಯರ ತಂಡ, ಪ್ರವೇಶ ನಿಷೇಧವಿದ್ದ ಗುಣಾ ಗುಹೆಯ ಕಡೆಗೆ ಇಳಿಯಿತು. ಅವರಲ್ಲೊಬ್ಬ ಬಂಡೆಗಳ ನಡುವಿನ ಆಳವಾದ ಕಂದರಕ್ಕೆ ಬಿದ್ದ. ಇನ್ನೊಬ್ಬ ಗೆಳೆಯ ಹಗ್ಗ ಕಟ್ಟಿಕೊಂಡು ತಾನೇ ಕೆಳಗಿಳಿದು ಅವನನ್ನು ಜೀವಸಹಿತ ಮೇಲೆ ತಂದ. 2024ರಲ್ಲಿ ಬಂದ ‘ಮಂಜುಮ್ಮಲ್ ಬಾಯ್ಸ್’ ಚಲನಚಿತ್ರ ಆ ಸಾಹಸವನ್ನು ಮನೆಮಾತಾಗಿಸಿತು. ಆ ಗೆಳೆತನಕ್ಕೆ ತಲೆಬಾಗದವರು ಯಾರು? ಆದರೆ ಅವರನ್ನು ನಿಷೇಧದ ಗಡಿ ದಾಟಿಸಿ ಕರೆದೊಯ್ದದ್ದೂ ಅದೇ ಗೆಳೆತನ ಎಂಬುದನ್ನು ಚಿತ್ರಮಂದಿರದಿಂದ ಹೊರಬಂದವರು ಅಷ್ಟಾಗಿ ಮಾತಾಡಿಕೊಳ್ಳಲಿಲ್ಲ. ಇಳಿದ ಗೆಳೆಯ ಮರಳದೆ ಹೋಗಿದ್ದರೆ ಆ ಜೀವದ ಋಣ ಯಾರ ಮೇಲಿರುತ್ತಿತ್ತು? 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ನೆರೆನೀರಿನಿಂದ ಸಿಲುಕಿದ ಹನ್ನೆರಡು ಬಾಲಕರೂ ಅವರ ತರಬೇತುದಾರನೂ ಹದಿನೆಂಟು ದಿನಗಳಲ್ಲಿ ಕ್ಷೇಮವಾಗಿ ಹೊರಬಂದರು. ಅವರಿಗಾಗಿ ಆಮ್ಲಜನಕದ ಉರುಳೆಗಳನ್ನು ಒಳಗೆ ಇರಿಸಿ ಬರಲು ಹೋದ ನೌಕಾಪಡೆಯ ಮಾಜಿ ಮುಳುಗುಗಾರನೊಬ್ಬ ಹೊರಬರಲಿಲ್ಲ. ಆತನಿಗೆ ಆ ಮಕ್ಕಳ ಪರಿಚಯವೇ ಇರಲಿಲ್ಲ.

ಹಾಗಾದರೆ ಗುಂಪು ಕಟ್ಟಿಕೊಂಡು ಹೋಗಲೇಬಾರದೇ? ಒಬ್ಬನೇ ಹೋಗಿ ಬಿದ್ದರೆ ಕೂಗು ಕೇಳುವವರೂ ಇಲ್ಲವಲ್ಲ. ಈ ಆಕ್ಷೇಪ ನ್ಯಾಯವಾದದ್ದೇ. ಸುರಂಗ ಕೊರೆಯುವವರೂ ಜತೆಯಾಗಿಯೇ ಹೋದವರು. ಆದರೆ ಅವರಲ್ಲಿ ಒಬ್ಬೊಬ್ಬನ ಕೆಲಸ ಗೊತ್ತಾಗಿತ್ತು, ದೀಪದ ಮಾತನ್ನು ಎಲ್ಲರೂ ಕೇಳಬೇಕಿತ್ತು. ನಮ್ಮ ಜಿಲ್ಲೆಯ ನೆಟ್ಟಣಿಗೆಯಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ ಜಾಂಬ್ರಿ ಗುಹಾಪ್ರವೇಶ ನಡೆಯುತ್ತದೆ. ಅದನ್ನು ನೋಡಲು ಸೇರುವ ಜನ ಅಪಾರ, ಒಳಗೆ ಹೋಗುವವರು ವ್ರತ ಹಿಡಿದ ಕೆಲವರು ಮಾತ್ರ. ಉಳಿದವರು ಭಕ್ತಿಯಿಂದಲೇ ಹೊರಗೆ ಕಾಯುತ್ತಾರೆ, ಹೊರಗೆ ನಿಂತವರನ್ನು ಪುಕ್ಕಲರೆಂದು ಯಾರೂ ಹಂಗಿಸುವುದಿಲ್ಲ.

ಗೆಳೆಯರ ಗುಂಪಿನಲ್ಲಿ ಇಲ್ಲದಿರುವುದು ಆ ಗೌರವ. ಅಲ್ಲಿ ನಾಯಕನಿಲ್ಲ, ಅದೇ ಅದರ ಸವಿ. ಆದರೆ ಬೇಡವೆಂದು ಹೇಳುವ ಅಧಿಕಾರವೂ ಅಲ್ಲಿ ಯಾರಿಗೂ ಇಲ್ಲ. ತಾಳಮದ್ದಳೆಯಲ್ಲಿ ಎಷ್ಟೇ ಘನವಾದ ಅರ್ಥಧಾರಿ ಮಾತು ಬೆಳೆಸುತ್ತಿದ್ದರೂ ಭಾಗವತರು ಪದ ಎತ್ತಿಕೊಂಡರೆ ನಿಲ್ಲಿಸಲೇಬೇಕು. ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಹೊರಡುವ ಮೊದಲೇ ಒಬ್ಬನಿಗೆ ಆ ಸ್ಥಾನ ಕೊಟ್ಟು, ಅವನು ಸಾಕು ಎಂದರೆ ಸಾಕು ಎಂದು ಒಪ್ಪಿಕೊಂಡರೆ ಅರ್ಧ ತೊಡಕು ಅಲ್ಲೇ ಬಿಡಿಸಿದಂತೆ. ಇನ್ನೊಬ್ಬ ಹೊರಗೆ ನಿಲ್ಲಲಿ. ಒಳಗೆ ಹೋಗದ ಆ ಒಬ್ಬನ ಕೈಗೇ ಗುಂಪು ತನ್ನ ಜೀವವನ್ನು ಒಪ್ಪಿಸಿರುತ್ತದೆ. ಅವನನ್ನು ಹೇಡಿಯೆಂದು ಕರೆಯುವ ನಾಲಗೆಗೆ ತಿಳಿಯಬೇಕಾದದ್ದು ಇದು.

ಮೀಂಜದ ಗುಡ್ಡಗಳಲ್ಲಿ ಯಾವ ಮುಳಿಹುಲ್ಲಿನ ಮರೆಯಲ್ಲಿ ಯಾವ ಸುರಂಗದ ಬಾಯಿ ಇದೆ, ಎಷ್ಟು ಕೋಲು ಒಳಗೆ ಹೋದರೆ ಮಣ್ಣು ಸಡಿಲ, ಎಲ್ಲಿ ಕವಲು ಒಡೆಯುತ್ತದೆ ಎಂಬುದನ್ನು ಬಲ್ಲ ಹಿರಿಯರು ಇನ್ನೂ ಕೆಲವರು ಉಳಿದಿದ್ದಾರೆ. ಅವರು ಅಗೆದದ್ದು, ಇಲ್ಲವೇ ಅವರ ಅಪ್ಪಂದಿರು ಅಗೆದದ್ದು. ಬಾಗಿಲಿಗೆ ಬಂದು ಕೇಳಿದವರನ್ನು ಅವರು ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಸಂಜೆಯವರೆಗೂ ಹೇಳುತ್ತಾರೆ.