ಮೆತ್ತಗಾಗೋಣ, ಜೋತು ಬೀಳುವುದು ಬೇಡ



☸️ *ಇಂದಿನ ಧಮ್ಮ ಚಿಂತನೆ*

ಮಜ್ಝಿಮ ನಿಕಾಯದ ಕಕಚೂಪಮ ಸುತ್ತದಲ್ಲಿ ಭಗವಾನ್ ಬುದ್ಧರು ಬೆಕ್ಕಿನ ಚರ್ಮದ ಚೀಲವೊಂದರ ಉಪಮೆ ಕೊಡುತ್ತಾರೆ. ಅದು ಚೆನ್ನಾಗಿ ಉಜ್ಜಿ ಹದ ಮಾಡಿದ ಚೀಲ. ಕೋಲಿನಿಂದ ಬಡಿದರೂ ಪರಪರ ಸದ್ದು ಬರುವುದಿಲ್ಲ. ಯಾರು ಏನೇ ಅಂದರೂ ನಮ್ಮ ಮನಸ್ಸು ಮೈತ್ರಿಯಿಂದ ಹಾಗೆ ಹದಗೊಂಡಿರಬೇಕು ಎಂಬುದು ಅದರ ಸಾರ.

"ಬೈದವರಿಗೂ ಮೈತ್ರಿ ಅಂದರೆ ಮತ್ತೆ ತಲೆ ತಗ್ಗಿಸುವುದೇ?" ಎಂದು ನಮ್ಮ ಯುವಕರು ಕೇಳುತ್ತಾರೆ. ಚರ್ಮ ಹದ ಮಾಡಿದ ಕೈಗಳನ್ನೇ ಹೊಲಸು ಎಂದು ದೂರ ಇಟ್ಟ ಸಮಾಜದಲ್ಲಿ ಇದು ನ್ಯಾಯವಾದ ಪ್ರಶ್ನೆ. ನನಗೆ ಉತ್ತರ ಹೊಳೆದದ್ದು ನನ್ನ ಸೈಕಲ್ಲಿನ ಚರ್ಮದ ಸೀಟಿನಿಂದ.

ಇಂಗ್ಲೆಂಡಿನ ಬ್ರೂಕ್ಸ್ ಕಂಪನಿ 19ನೇ ಶತಮಾನದಿಂದ ಮಾಡುತ್ತಿರುವಂಥ ಸೀಟು ಇದು. ಒಳಗೆ ಸ್ಪಂಜು ಇಲ್ಲ. ದಪ್ಪ ಚರ್ಮವನ್ನು ಹಿಂದೆ ಮುಂದೆ ರಿವೆಟ್ ಹೊಡೆದು, ಲೋಹದ ಕಂಬಿಗಳ ಮೇಲೆ ಬಿಗಿದಿರುತ್ತಾರೆ. ಹೊಸದರಲ್ಲಿ ಹಲಗೆಯ ಮೇಲೆ ಕೂತ ಹಾಗೆ. ನೂರಾರು ಕಿಲೋಮೀಟರ್ ತುಳಿದ ಮೇಲೆ, ಕೂರುವ ಎಲುಬು ಊರುವ ಎರಡು ಕಡೆ ಮಾತ್ರ ಚರ್ಮ ತಗ್ಗಿ, ನಮ್ಮ ಮೈಗೆ ಒಗ್ಗುತ್ತದೆ.

ಬೇಗ ಮೆತ್ತಗಾಗಲಿ ಎಂದು ಎಣ್ಣೆಯಲ್ಲಿ ನೆನೆಸಿದರೆ ಚರ್ಮ ಬಿಗಿ ಕಳೆದುಕೊಂಡು ಜೋಲಿಯಂತೆ ಜೋತು ಬೀಳುತ್ತದೆ. ಮುಂದಿನ ನಟ್ಟನ್ನು ಅತಿಯಾಗಿ ಬಿಗಿದರೆ ರಿವೆಟ್ಟಿನ ಬಳಿ ಹರಿಯಬಹುದು. ಒಳ್ಳೆಯ ಸೀಟು ಮೆತ್ತಗೂ ಇರುತ್ತದೆ, ಬಿಗಿಯಾಗಿಯೂ ಇರುತ್ತದೆ. ಭಾರ ಹೊರುವುದು ಆ ಬಿಗಿಯೇ.

ಮೈತ್ರಿಯೂ ಹೀಗೇ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಕುಡಿದ ನಮ್ಮ ಜನರ ಮೇಲೆ ಹಲ್ಲೆ ನಡೆಯಿತು. ಬಾಬಾಸಾಹೇಬರು ಸೇಡಿಗೆ ಇಳಿಯದಂತೆ ಜನರನ್ನು ತಡೆದರು. ಆದರೆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಮೊಕದ್ದಮೆ ನಡೆಸಿದರು. 1937ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪು ನಮ್ಮ ಪರವಾಗಿ ಬಂತು. ಹತ್ತು ವರ್ಷ! ಮನಸ್ಸಿನಲ್ಲಿ ದ್ವೇಷ ಬೇಡ, ಬೆನ್ನುಮೂಳೆಯಲ್ಲಿ ಸಡಿಲವೂ ಬೇಡ.

ಒಂದೇ ದಿನದ ಶಿಬಿರದಲ್ಲಿ ಮನಸ್ಸು ಹದವಾಗುವುದಿಲ್ಲ ಬಂಧುಗಳೇ. ದಿನಾ ಸ್ವಲ್ಪ ತುಳಿಯಬೇಕು. ಇಂದು ಯಾರಾದರೂ ಚುಚ್ಚಿ ಮಾತಾಡಿದರೆ ಒಂದು ಉಸಿರು ಗಮನಿಸೋಣ. ಆಮೇಲೆ, ಹೇಳಬೇಕಾದ್ದನ್ನು ದನಿ ಏರಿಸದೆ, ಪೂರ್ತಿಯಾಗಿ ಹೇಳೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏
*ಜೈ ಭೀಮ್*